ಬಳಸದ ಔಷಧಿಗೂ ದುಡ್ಡು ಕೊಡಬೇಕು

ಹೊಸ ಆಂಟಿಬಯಾಟಿಕ್‌ಗಳ ಮಾತು ಬಂದಾಗಲೆಲ್ಲ ಯಾರಾದರೂ ಹೇಳೇ ಹೇಳುತ್ತಾರೆ: "ಸಂಶೋಧನೆಗೆ ಅನುದಾನ ಜಾಸ್ತಿ ಮಾಡಿ, ಔಷಧಿ ತಾನಾಗಿ ಬರುತ್ತೆ." ಅನುದಾನ ಬೇಕು, ನಿಜ. ಆದರೆ ಔಷಧಿ ಬಂದ ಮೇಲೆ ಏನಾಗುತ್ತದೆ?

ಅಚಾವೊಜೆನ್ ಕಂಪನಿಯ ಪ್ಲಾಜೊಮೈಸಿನ್ ಎಂಬ ಹೊಸ ಆಂಟಿಬಯಾಟಿಕ್‌ಗೆ ಅಮೆರಿಕದ ಸರ್ಕಾರಿ ಅನುದಾನ ಸಿಕ್ಕಿತ್ತು. 2018ರ ಜೂನ್‌ನಲ್ಲಿ ಅಲ್ಲಿ ಮಾರಲು ಒಪ್ಪಿಗೆಯೂ ಸಿಕ್ಕಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲೇ ಕಂಪನಿ ದಿವಾಳಿ ಅರ್ಜಿ ಹಾಕಿತ್ತು!

ಯಾಕೆ ಹೀಗೆ ಅನ್ನುವುದಕ್ಕೆ ನನ್ನ ವಾರ್ಡಿಗೇ ಬನ್ನಿ. ಒಮ್ಮೆ ಒಬ್ಬರು ತಮ್ಮ ತಾಯಿಯ ಕಲ್ಚರ್ ರಿಪೋರ್ಟ್ (ಸೋಂಕಿನ ಬ್ಯಾಕ್ಟೀರಿಯಾ ಯಾವ ಔಷಧಿಗೆ ಬಗ್ಗುತ್ತದೆ ಅನ್ನುವ ಪರೀಕ್ಷೆಯ ವರದಿ) ಹಿಡಿದು ಬಂದರು. ಸಾಲಿನುದ್ದಕ್ಕೂ 'ಆರ್', ಅಂದರೆ ಆ ಔಷಧಿ ನಾಟುವುದಿಲ್ಲ. ಒಂದು ಹಳೆಯ ಔಷಧಿಯ ಮುಂದೆ 'ಎಸ್', ಅಂದರೆ ಅದು ನಾಟುತ್ತದೆ; ಕೊನೆಯಲ್ಲಿದ್ದ ಹೊಸದರ ಮುಂದೆಯೂ 'ಎಸ್'. ಆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಡಾಕ್ಟ್ರೇ, ಹೊಸದನ್ನೇ ಕೊಡಿ, ಖರ್ಚಿಗೆ ಯೋಚಿಸಬೇಡಿ" ಅಂದರು. ಅವರ ಆತಂಕ ನನಗೆ ಅರ್ಥವಾಗಿತ್ತು. ಆದರೂ ಹಳೆಯದನ್ನೇ ಕೊಟ್ಟೆ. ಜ್ವರ ಇಳಿಯಿತು.

ಬಳಸಿದಷ್ಟೂ ಬ್ಯಾಕ್ಟೀರಿಯಾ ಆ ಔಷಧಿಗೆ ಪಳಗುತ್ತದೆ. ಅದಕ್ಕೇ ಹೊಸದನ್ನು ಕಾಯ್ದಿಡುತ್ತೇವೆ. ಹಾಗೆ ಕಾಯ್ದಿಟ್ಟ ದಿನವೆಲ್ಲ ತಯಾರಕರಿಗೆ ಬಿಡಿಗಾಸೂ ಇಲ್ಲ. ಔಷಧಿ ಒಳ್ಳೆಯದಾದಷ್ಟೂ ನಾವು ಅದನ್ನು ಕಡಿಮೆ ಬಳಸುತ್ತೇವೆ. ಬೇರೆ ಹೆಚ್ಚಿನ ಔಷಧಿಗಳಿಗೆ ಈ ಕಷ್ಟವಿಲ್ಲ. ಅಮೆರಿಕ 2012ರ ಕಾನೂನಿನಲ್ಲಿ ಇಂಥ ಔಷಧಿಗಳ ಏಕಸ್ವಾಮ್ಯಕ್ಕೆ, ಅಂದರೆ ತಯಾರಕರೊಬ್ಬರೇ ಮಾರುವ ಹಕ್ಕಿಗೆ, ಐದು ವರ್ಷ ಸೇರಿಸಿತು. ಮಾರಾಟವೇ ಇಲ್ಲದಿದ್ದರೆ ಐದು ವರ್ಷ ಜಾಸ್ತಿ ಸಿಕ್ಕಿ ಏನು ಬಂತು?

ಇಂಗ್ಲೆಂಡ್ 2022ರಲ್ಲಿ ಬೇರೆ ದಾರಿ ಹಿಡಿಯಿತು. ಸೆಫಿಡೆರೊಕಾಲ್ ಮತ್ತು ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಎಂಬ ಎರಡು ಆಂಟಿಬಯಾಟಿಕ್‌ಗಳಿಗೆ ವರ್ಷಕ್ಕೆ ತಲಾ ಒಂದು ಕೋಟಿ ಪೌಂಡ್‌ವರೆಗೆ ನಿಗದಿತ ಹಣ. ಹತ್ತು ವಯಲ್ (ಇಂಜೆಕ್ಷನ್ ಔಷಧಿಯ ಸೀಸೆ) ಖರ್ಚಾದರೂ ಅಷ್ಟೇ, ಹತ್ತು ಸಾವಿರವಾದರೂ ಅಷ್ಟೇ.

"ಬಳಸದ್ದಕ್ಕೆ ದುಡ್ಡು ಕೊಡೋದು ದಂಡ ಅಲ್ವಾ?" ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ನಾವು ವಯಲ್ ಕೊಳ್ಳುತ್ತಿಲ್ಲ. ಬೇಕಾದ ರಾತ್ರಿ ಅದು ಬೀರುವಿನಲ್ಲಿ ಇರುತ್ತದೆ ಅನ್ನುವುದನ್ನು ಕೊಳ್ಳುತ್ತಿದ್ದೇವೆ. ಬೆಂಕಿ ಬಿದ್ದಾಗ ಬಾವಿ ತೋಡಲು ಆಗುವುದಿಲ್ಲ. ಒಂದು ಆಂಟಿಬಯಾಟಿಕ್ ತಯಾರಾಗಲು ಹತ್ತು ವರ್ಷವೇ ಬೇಕಾಗಬಹುದು.

ಎಷ್ಟು ಹಣ ಸರಿ ಎಂದು ನಾನು ಖಡಾಖಂಡಿತವಾಗಿ ಹೇಳಲಾರೆ. ಸಣ್ಣ ದೇಶಗಳು ಒಟ್ಟು ಸೇರಿ ಕೊಡಬೇಕಾದೀತು. ಆದರೆ ಕರಾರಿನಲ್ಲಿ ಎರಡು ಮಾತು ಇರಲೇಬೇಕು: ಪೂರೈಕೆ ನಿಲ್ಲಬಾರದು, ಔಷಧಿ ಹೆಚ್ಚು ಮಾರಲು ಕಂಪನಿ ಒತ್ತಡ ಹಾಕಬಾರದು. ಸಹಿ ಹಾಕುವವರು ಮೊದಲು ಈ ಎರಡು ಸಾಲು ಹುಡುಕಲಿ.