ಬೆಂಗಳೂರಿನಲ್ಲಿ ಮೇಪಲ್ ಬೇಲಿ ಬೇಕಾ?

ಹೊಸದಾಗಿ ಮನೆ ಕಟ್ಟಿಸಿದವರು ಈಗ ಫೋನ್ ತೆಗೆದು ಜಪಾನಿನ ತೋಟದ ಫೋಟೊ ತೋರಿಸುತ್ತಾರೆ. ಕೆಂಪು ಎಲೆಯ ಪುಟ್ಟ ಮೇಪಲ್ ಮರಗಳು. "ಇದನ್ನೇ ಕಾಂಪೌಂಡ್ ಉದ್ದಕ್ಕೂ ಬೇಲಿ ಮಾಡಿಕೊಡಿ ಸಾರ್, ಬೆಂಗಳೂರು ತಂಪು ಊರು ಅಲ್ವಾ?"

ತಂಪು ನಿಜ, ಆದರೆ ಮೇಪಲ್‌ಗೆ ಅಷ್ಟು ಸಾಲದು. ಅದು ಎಲೆ ಉದುರಿಸಿ ಚಳಿಗಾಲವಿಡೀ ಮಲಗುವ ಮರ. ವಾರಗಟ್ಟಲೆ ಹೆಚ್ಚುಕಡಿಮೆ 7 ಡಿಗ್ರಿಗಿಂತ ಕೆಳಗಿನ ಚಳಿ ತಿಂದ ಮೇಲೇ ಅದರ ಮೊಗ್ಗು ಸರಿಯಾಗಿ ಏಳೋದು. ನಮ್ಮ ಊರಿನ ದಾಖಲೆಯ ಚಳಿಯೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ! ಈಗ ಜನವರಿ ರಾತ್ರಿ ಸಾಮಾನ್ಯವಾಗಿ 15-16ರ ಹತ್ತಿರ ನಿಲ್ಲುತ್ತದೆ. ನಿದ್ದೆ ಸಿಗದ ಗಿಡ ವರ್ಷದಿಂದ ವರ್ಷಕ್ಕೆ ಸೊರಗುತ್ತದೆ, ಅದರ ಮೇಲೆ ಮಾರ್ಚ್-ಏಪ್ರಿಲ್ ಬಿಸಿಲು ಮತ್ತು ಒಣಗಾಳಿಗೆ ಎಲೆಯಂಚು ಸುಟ್ಟು ಕಂದಾಗುತ್ತದೆ, ಬೋರ್‌ವೆಲ್ ನೀರಿನ ಸುಣ್ಣಕ್ಕೆ ಎಲೆ ಹಳದಿ ತಿರುಗುತ್ತದೆ. ಆನ್‌ಲೈನಲ್ಲಿ ನೀಲಿ ಮೇಪಲ್ ಬೀಜ ಅಂತ ಮಾರುತ್ತಾರಲ್ಲ, ಆ ಬಣ್ಣದ ಮೇಪಲ್ ಪ್ರಪಂಚದಲ್ಲೇ ಇಲ್ಲ. ದುಡ್ಡು ದಂಡ.

ಇನ್ನೊಂದು ವಿಷಯ. ಜಪಾನಿ ಮೇಪಲ್ ಅದರ ತವರಲ್ಲೂ ಕತ್ತರಿ ಆಡಿಸಿ ಬೆಳೆಸುವ ಬೇಲಿಗಿಡ ಅಲ್ಲ. ನಿಧಾನಕ್ಕೆ ಬೆಳೆಯುವ ಮರ, ಕೊಂಬೆಯ ಚೆಂದಕ್ಕೇ ಅದನ್ನು ಬಿಡಿಯಾಗಿ ನೆಡೋದು. ಯುರೋಪಿನವರು ಬೇಲಿಗೆ ಬಳಸೋದು ಫೀಲ್ಡ್ ಮೇಪಲ್ ಅನ್ನೋ ಬೇರೆ ಜಾತಿ. ಅದಕ್ಕೂ ಅಲ್ಲಿನ ಚಳಿಯೇ ಬೇಕು.

ನಿಮಗೆ ಬೇಕಿರೋದು ಕೆಂಪು ಬಣ್ಣ ತಾನೆ? ಅಕಾಲಿಫಾ ಹಾಕಿ. ಲಾಲ್‌ಬಾಗ್ ಸುತ್ತಮುತ್ತಲ ನರ್ಸರಿಗಳಲ್ಲಿ ಕೇಳಿ ನೋಡಿ, ಮಳೆಗಾಲದಲ್ಲಾದರೆ ಪಕ್ಕದ ಮನೆಯವರಿಂದ ಒಂದು ಕಡ್ಡಿ ಇಸ್ಕೊಂಡು ನೆಟ್ಟರೂ ಬೇರು ಬಿಡುತ್ತದೆ. ಬಿಸಿಲು ಚೆನ್ನಾಗಿ ಬಿದ್ದರೆ ತಾಮ್ರದ ಬಣ್ಣ, ನೆರಳಾದರೆ ಮಂಕು. ಹಿಟ್ಟು ತಿಗಣೆ ಬರುತ್ತದೆ, ಎಲೆ ಕೆಳಗೆ ನೋಡ್ತಾ ಇರಿ. ಸ್ವಲ್ಪ ಖರ್ಚಾದರೂ ಪರವಾಗಿಲ್ಲ ಅನ್ನೋರಿಗೆ ಸಿಜಿಜಿಯಂ ಇದೆ, ನಮ್ಮ ನೇರಳೆಯ ಬಳಗದ್ದು. ಕತ್ತರಿಸಿದಾಗಲೆಲ್ಲ ಚಿಗುರು ಕೆಂಪಾಗೇ ಬರುತ್ತದೆ. ನನ್ನ ಓಟು ಇದಕ್ಕೇ.

ಕೆಂಪೆಲೆ ಅಂತ ಯೂಫೋರ್ಬಿಯಾ ಕೊಟ್ಟರೆ ಮಾತ್ರ, ಮಕ್ಕಳಿರೋ ಮನೆಯಲ್ಲಿ ಬೇಡ. ಅದರ ಹಾಲು ಚರ್ಮ ಸುಡುತ್ತದೆ, ಕಣ್ಣಿಗೆ ಬಿದ್ದರೆ ಆಸ್ಪತ್ರೆಗೆ ಓಡಬೇಕು.

ಮಳೆ ಹಿಡಿದ ಮೇಲೆ, ಜೂನ್-ಜುಲೈಯಲ್ಲಿ ನೆಡಿ. ಒಂದೂವರೆ ಅಡಿಗೊಂದು ಗಿಡ, ಗುಂಡಿಗೆ ಕೊಟ್ಟಿಗೆ ಗೊಬ್ಬರ. ಬೇಗ ಎತ್ತರ ಆಗಲಿ ಅಂತ ಸುಮ್ನೆ ಬಿಡಬೇಡಿ, ಬೇರು ಹಿಡಿದ ತಕ್ಷಣ ತುದಿ ಚಿವುಟಿ. ಇಲ್ಲದಿದ್ದರೆ ಮೇಲೆ ಪೊದೆ, ಕೆಳಗೆ ಬರೀ ಕಾಂಡ. ಆಮೇಲೂ ಬೇಲಿಯ ಬುಡ ಅಗಲ, ತಲೆ ಸ್ವಲ್ಪ ಕಿರಿದಾಗಿರೋ ಹಾಗೆ ಕತ್ತರಿಸಿದರೆ ಕೆಳಗಿನ ಎಲೆಗೂ ಬಿಸಿಲು ತಾಗುತ್ತದೆ.