ಸ್ಪೇಸರ್ ಕೂರುವ ಜಾಗ: ದಿನನಿತ್ಯ ಓಡುವ ಥಾರ್‌ಗೆ ಲಿಫ್ಟ್ ಆರಿಸುವ ಟಿಪ್ಪಣಿ

ಮೂರು ತಿಂಗಳಲ್ಲಿ ಒಂದೇ ಗಾಡಿಯನ್ನು ಎತ್ತರಿಸಲು, ಎಂದರೆ ಲಿಫ್ಟ್ ಮಾಡಲು, ಮೂರು ಸಲ ಸ್ಪೇಸರ್ (ಸ್ಪ್ರಿಂಗಿನ ಬುಡಕ್ಕೋ ತಲೆಗೋ ಇಡುವ ದಪ್ಪ ಬಿಲ್ಲೆ) ಹಾಕಿಸಿ, ಎರಡು ಸಲ ಬಿಚ್ಚಿಸಿದ ಮೇಲೆ ಈ ಟಿಪ್ಪಣಿಯನ್ನು ಬರೆಯುತ್ತಿದ್ದೇನೆ. ನನ್ನಂತೆಯೇ ವಾರದ ಆರು ದಿನ ಡಾಂಬರು ರಸ್ತೆಯಲ್ಲಿ ಕೆಲಸಕ್ಕೆ ಹೋಗಿ, ಕೊನೆಯ ಮೂರು ಕಿಲೋಮೀಟರ್ ಮಾತ್ರ ಹೊಲದ ದಾರಿ ಹಿಡಿಯುವವರಿಗೆ ಇದು ಉಪಯೋಗಕ್ಕೆ ಬರಬಹುದು. ನನ್ನದು 2020ರ ನಂತರದ ಮಾದರಿಯ ಮಹೀಂದ್ರ ಥಾರ್. ಅದರ ಮುಂದಿನ ಎರಡು ಗಾಲಿಗಳು ಡಬಲ್ ವಿಶ್‌ಬೋನ್ (ಮೇಲೊಂದು, ಕೆಳಗೊಂದು) ತೋಳುಗಳ ಮೇಲೆ ಒಂದಕ್ಕೊಂದು ಸಂಬಂಧವಿಲ್ಲದೆ ಆಡುತ್ತವೆ. ಹಿಂದಿನ ಎರಡು ಗಾಲಿಗಳನ್ನು ಒಂದೇ ಗಟ್ಟಿ ಆ್ಯಕ್ಸಲ್ ಜೋಡಿಸಿದೆ. ಮುಂದೆ ಸ್ಪ್ರಿಂಗಿನ ಒಳಗೇ ಶಾಕ್ (ಸ್ಪ್ರಿಂಗಿನ ಕುಣಿತವನ್ನು ತಡೆಯುವ ಶಾಕ್ ಅಬ್ಸಾರ್ಬರ್) ಇದೆ, ಹಿಂದೆ ಸ್ಪ್ರಿಂಗ್ ಬೇರೆ, ಶಾಕ್ ಬೇರೆ. ಈ ವ್ಯತ್ಯಾಸವನ್ನು ನಾನು ಮೊದಲು ಓದಿ ಮುಂದೆ ಹೋಗಿಬಿಟ್ಟಿದ್ದೆ. ನನ್ನ ತೊಂದರೆಗಳೆಲ್ಲ ಅಲ್ಲಿಂದಲೇ ಹುಟ್ಟಿದವು.

ಮೊದಲು ಏನು ತಾಗುತ್ತದೆ ಎಂದು ನೋಡಬೇಕು

ನವಲಗುಂದ ತಾಲೂಕಿನ ಎರೆ ಹೊಲಗಳ ದಾರಿಯನ್ನು ಬಲ್ಲವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಚಕ್ಕಡಿ ಮತ್ತು ಟ್ರ್ಯಾಕ್ಟರುಗಳು ತುಳಿದ ಜಾಡು ಆಳಕ್ಕಿಳಿಯುತ್ತದೆ, ನಡುವೆ ಒಂದು ದಿಬ್ಬ ಏಳುತ್ತದೆ, ಬಿಸಿಲು ಬಿದ್ದಾಗ ಆ ದಿಬ್ಬ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಒಂದು ಸಂಜೆ ಗಾಡಿಯ ಕೆಳಗೆ ಮಲಗಿ ಟಾರ್ಚ್ ಹಾಕಿ ನೋಡಿದಾಗ, ಹಿಂದಿನ ಡಿಫರೆನ್ಷಿಯಲ್ಲಿನ (ಆ್ಯಕ್ಸಲ್ಲಿನ ಮೇಲೆ ಕೂತು ಎರಡು ಗಾಲಿಗಳಿಗೆ ಶಕ್ತಿ ಹಂಚುವ ಗಿಯರ್ ಪೆಟ್ಟಿಗೆಯ) ಗುಂಡು ಹೊಟ್ಟೆಯ ಮೇಲೆ ಅಂಗೈಯಗಲ ಜಾಗದಲ್ಲಿ ಬಣ್ಣ ಕೆತ್ತಿ ಹೋಗಿ ಕಬ್ಬಿಣ ಹೊಳೆಯುತ್ತಿತ್ತು. ಚಾಸಿಗೆ, ಟ್ಯಾಂಕಿನ ರಕ್ಷಾಫಲಕಕ್ಕೆ ಒಂದು ಗೀರೂ ಇರಲಿಲ್ಲ.

ಇಲ್ಲಿಯೇ ನನ್ನ ಮೊದಲ ತಪ್ಪು ತಿಳಿವಳಿಕೆ ಮುರಿಯಿತು. ಗಟ್ಟಿ ಆ್ಯಕ್ಸಲ್ ಇರುವ ಕಡೆ ಸಸ್ಪೆನ್ಷನ್ ಲಿಫ್ಟ್ ಎತ್ತುವುದು ಆ್ಯಕ್ಸಲ್ಲಿನ ಮೇಲಿರುವ ದೇಹವನ್ನು ಮಾತ್ರ. ಆ್ಯಕ್ಸಲ್ ಎರಡು ಟೈರುಗಳ ನಡುವೆ ಎಲ್ಲಿತ್ತೋ ಅಲ್ಲಿಯೇ ಇರುತ್ತದೆ. ನಾಲ್ಕು ಇಂಚು ಎತ್ತಿಸಿದರೂ ನನ್ನ ಡಿಫರೆನ್ಷಿಯಲ್ ಆ ದಿಬ್ಬಕ್ಕೆ ತಾಗುವುದು ಒಂದು ಕೂದಲೆಳೆಯಷ್ಟೂ ಕಡಿಮೆಯಾಗದು. ಅದನ್ನು ಎತ್ತುವ ಶಕ್ತಿ ಇರುವುದು ದೊಡ್ಡ ಟೈರಿಗೆ ಮಾತ್ರ, ಅದೂ ವ್ಯಾಸದ ಹೆಚ್ಚಳದ ಅರ್ಧದಷ್ಟು. 245/75 ಆರ್ 16 (ಅಗಲ 245 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇಕಡ 75, ರಿಮ್ 16 ಇಂಚು) ಟೈರಿನ ವ್ಯಾಸವನ್ನು ಲೆಕ್ಕ ಹಾಕಿದರೆ 245ರ ಶೇಕಡ 75 ಎಂದರೆ 183.75, ಅದರ ಎರಡರಷ್ಟು 367.5, ಅದಕ್ಕೆ 16 ಇಂಚಿನ 406.4 ಸೇರಿಸಿದಾಗ ಸುಮಾರು 774 ಮಿ.ಮೀ. ಬರುತ್ತದೆ. 265/75 ಆರ್ 16 ಹಾಕಿದರೆ ಅದು 804 ಆಗುತ್ತದೆ. ವ್ಯತ್ಯಾಸ 30, ಡಿಫರೆನ್ಷಿಯಲ್ ಏರುವುದು 15 ಮಿ.ಮೀ. ಅದರ ಬೆಲೆಯಾಗಿ ಸ್ಪೀಡೋಮೀಟರ್ 80 ತೋರಿಸುವಾಗ ಗಾಡಿ 83ರ ವೇಗದಲ್ಲಿ ಓಡುತ್ತಿರುತ್ತದೆ, ತಿರುವಿನಲ್ಲಿ ಟೈರು ಒಳ ಮಡ್‌ಗಾರ್ಡಿಗೆ ಉಜ್ಜುತ್ತದೆಯೇ ಎಂಬುದನ್ನೂ ನೋಡಬೇಕಾಗುತ್ತದೆ. ಹಸಿ ಎರೆ ಮಣ್ಣಿನ ವಿಷಯದಲ್ಲಂತೂ ಎತ್ತರಕ್ಕಿಂತ ಟೈರಿನ ಮೈಮೇಲಿನ ಉಬ್ಬುಗಳ ನಡುವಿನ ಅಂತರವೇ ಮುಖ್ಯ. ಆ ಅಂತರದಲ್ಲಿ ಮಣ್ಣು ತುಂಬಿಕೊಂಡು ಟೈರು ರೊಟ್ಟಿಯ ಹಂಚಿನಂತೆ ನುಣ್ಣಗಾದರೆ ಯಾವ ಲಿಫ್ಟೂ ನಿಮ್ಮನ್ನು ದಾಟಿಸದು.

ಹಾಗಾದರೆ ಲಿಫ್ಟ್ ಏಕೆ ಬೇಕು? ಡೋಣಿ ಊರಿನ ಕಡೆಯ ಕಲ್ಲುದಾರಿಯಲ್ಲಿ ಬಂಪರಿನ ಕೆಳಭಾಗ ಮತ್ತು ನಡುಹೊಟ್ಟೆ ತಾಗುವವರಿಗೆ, ದೊಡ್ಡ ಟೈರಿಗೆ ಜಾಗ ಮಾಡಬೇಕಾದವರಿಗೆ ಅದು ಬೇಕು. ನನಗೆ ಎರಡನೆಯ ಕಾರಣವಿತ್ತು. ಬೇಕಾಗಿದ್ದುದು ಗಾಲಿಯ ಬಳಿ ಸುಮಾರು 30 ಮಿ.ಮೀ. ಮಾತ್ರ.

ಗಾಲಿಯ ಬಳಿ ಎಷ್ಟು, ಸ್ಪ್ರಿಂಗಿನ ಬಳಿ ಎಷ್ಟು

ಅಂಗಡಿಯಲ್ಲಿ "30 ಮಿ.ಮೀ. ಸ್ಪೇಸರ್" ಎಂದು ಕೇಳಿ ನಾಲ್ಕೂ ಕಡೆ ಒಂದೇ ದಪ್ಪದ್ದನ್ನು ಹಾಕಿಸಿಕೊಂಡು ಬಂದೆ. ಗಾಡಿಯ ಹಿಂಭಾಗ 30 ಏರಿತು, ಮುಂಭಾಗ 54 ಏರಿತು. ಮನೆಯ ಮುಂದೆ ನಿಲ್ಲಿಸಿದಾಗ ಅದು ಮೂತಿ ಎತ್ತಿ ಕೂತ ನಾಯಿಯಂತೆ ಕಾಣುತ್ತಿತ್ತು.

ಕಾರಣ ಸರಳವಾದ ಸನ್ನೆಗೋಲು. ಮುಂದಿನ ಕೆಳತೋಳು ಚಾಸಿಯ ಕೀಲಿನಿಂದ ಗಾಲಿಯ ಬಾಲ್ ಜಾಯಿಂಟಿನವರೆಗೆ 400 ಮಿ.ಮೀ. ಇದ್ದು, ಶಾಕಿನ ಕಾಲು ಕೀಲಿನಿಂದ 220ರಲ್ಲಿ ಕೂತಿದೆ ಎಂದು ಇಟ್ಟುಕೊಳ್ಳೋಣ. ಶಾಕಿನ ಬಳಿ 220 ಪಾಲು ಚಲನೆ ಆದಾಗ ಗಾಲಿಯ ಬಳಿ 400 ಪಾಲು ಆಗುತ್ತದೆ; ಎಂದರೆ ಅನುಪಾತ 0.55. ಆದುದರಿಂದ ಸ್ಪೇಸರಿನ ದಪ್ಪವನ್ನು 0.55ರಿಂದ ಭಾಗಿಸಿದಾಗ ಗಾಲಿಯ ಬಳಿಯ ಏರಿಕೆ ಸಿಗುತ್ತದೆ: 30 ಭಾಗಿಸು 0.55, ಸುಮಾರು 54.5. ಹಿಂದೆ ಸ್ಪ್ರಿಂಗ್ ನೇರವಾಗಿ ಆ್ಯಕ್ಸಲ್ಲಿನ ಮೇಲೆ ಕೂತಿರುವುದರಿಂದ 30ಕ್ಕೆ ಹೆಚ್ಚುಕಡಿಮೆ 30. ನಿಮ್ಮ ಗಾಡಿಯ ಅನುಪಾತವನ್ನು ಟೇಪು ಹಿಡಿದು ನೀವೇ ಅಳೆಯಬೇಕು.

ಮುಂದೆ ಹಿಂದಿಗಿಂತ 24.5 ಮಿ.ಮೀ. ಹೆಚ್ಚಾದರೆ ಏನು ಮಹಾ ಎನಿಸಬಹುದು. ಥಾರ್‌ನ ಎರಡು ಆ್ಯಕ್ಸಲ್‌ಗಳ ನಡುವಿನ ಅಂತರ 2450 ಮಿ.ಮೀ., ಹಾಗಾಗಿ ಇದು ಸರಿಯಾಗಿ ನೂರಕ್ಕೆ ಒಂದರ ಓರೆ. ಹೆಡ್‌ಲೈಟಿನ ಬೆಳಕು 50 ಮೀಟರ್ ದೂರದಲ್ಲಿ ಅರ್ಧ ಮೀಟರ್ ಮೇಲಕ್ಕೆ ಬೀಳುತ್ತದೆ. ಗದಗ ರಸ್ತೆಯಲ್ಲಿ ಎದುರಿಗೆ ಬರುವ ಲಾರಿಗಳೆಲ್ಲ ನನಗೆ ಡಿಪ್ಪರ್ ಹೊಡೆಯುತ್ತಿದ್ದುದು ಏಕೆಂದು ತಿಳಿಯಲು ನನಗೆ ಎರಡು ವಾರ ಹಿಡಿಯಿತು.

ಸ್ಪೇಸರ್ ಹಾಕಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆಯೇ?

ನಾನು ಬಹಳ ದಿನ ಎಡವಿದ್ದು ಇಲ್ಲಿ, ಆದುದರಿಂದ ಸ್ವಲ್ಪ ನಿಧಾನವಾಗಿ ಬರೆಯುತ್ತೇನೆ. ಮುಂದಿನದನ್ನು ಬಿಚ್ಚಿಸಿ, ಸ್ಪ್ರಿಂಗಿನ ಬುಡಕ್ಕೆ ತೆಳುವಾದದ್ದನ್ನು ಹಾಕಿಸಿದ ಮೇಲೆ ಸಣ್ಣ ತಗ್ಗಿನಲ್ಲಿ ಗಾಲಿ ಇಳಿದಾಗ "ಟಕ್" ಎಂದು ಬಡಿಯುವ ಸದ್ದು ಬರುತ್ತಿತ್ತು. ಕೇಳಿದರೆ ಫಿಟರ್ ಹೇಳಿದ್ದು ಇಷ್ಟು: "ಸ್ಪೇಸರ್ ಹಾಕಿದ್ರ ಸ್ಪ್ರಿಂಗ್ ಗಟ್ಟಿ ಆಗತೈತ್ರಿ ಸರ್ರ, ಅದಕ್ಕ ಬಡಿತೈತಿ." ನಾನೂ ಅದನ್ನೇ ನಂಬಿದ್ದೆ.

ಅದು ತಪ್ಪು. ಸ್ಪ್ರಿಂಗ್ ಎಷ್ಟು ತಗ್ಗುತ್ತದೆ ಎಂಬುದನ್ನು ಅದರ ಮೇಲಿನ ಭಾರ ನಿರ್ಧರಿಸುತ್ತದೆ, ಅದರ ಕೆಳಗೆ ಏನಿದೆ ಎಂಬುದಲ್ಲ. ಪ್ರತಿ 10 ಕಿ.ಗ್ರಾಂ. ಭಾರಕ್ಕೆ 1 ಮಿ.ಮೀ. ತಗ್ಗುವ ಒಂದು ಸ್ಪ್ರಿಂಗನ್ನು ತೆಗೆದುಕೊಳ್ಳಿ. ಬಿಡಿಯಾಗಿ ಇಟ್ಟಾಗ ಅದರ ಉದ್ದ 350 ಮಿ.ಮೀ. ಅದರ ಮೇಲೆ 900 ಕಿ.ಗ್ರಾಂ. ಬಿದ್ದರೆ 90 ತಗ್ಗಿ 260ಕ್ಕೆ ನಿಲ್ಲುತ್ತದೆ. ಈಗ ಅದರ ಬುಡಕ್ಕೆ 25 ಮಿ.ಮೀ. ದಪ್ಪದ ಬಿಲ್ಲೆ ಇಡಿ. ಗಾಡಿಯ ಭಾರ ಬದಲಾಗಿಲ್ಲ, ಹಾಗಾಗಿ ಸ್ಪ್ರಿಂಗ್ ಮತ್ತೆ 90 ತಗ್ಗಿ 260ಕ್ಕೇ ನಿಲ್ಲುತ್ತದೆ. ಬದಲಾದದ್ದು ಅದು ನಿಂತಿರುವ ಎತ್ತರ ಮಾತ್ರ. ಮತ್ತೆ 10 ಕಿ.ಗ್ರಾಂ. ಹೇರಿದರೆ ಹಿಂದಿನಂತೆಯೇ 1 ಮಿ.ಮೀ. ತಗ್ಗುತ್ತದೆ. ಕುರ್ಚಿಯನ್ನು ಕಟ್ಟೆಯ ಮೇಲೆ ಇಟ್ಟ ಮಾತ್ರಕ್ಕೆ ಅದರ ಗಾದಿ ಗಟ್ಟಿಯಾಗುವುದಿಲ್ಲವಲ್ಲ.

ಹಾಗಾದರೆ ಆ ಸದ್ದು ಎಲ್ಲಿಂದ ಬಂತು? ಸ್ಪ್ರಿಂಗ್ ಒಬ್ಬಂಟಿಯಲ್ಲ, ಅದು ಶಾಕಿನ ಜೊತೆ ಕಟ್ಟಿಹಾಕಲ್ಪಟ್ಟಿದೆ ಎಂಬುದನ್ನು ನಾನು ಮರೆತಿದ್ದೆ. ಶಾಕ್ ಪೂರ್ತಿ ಚಾಚಿಕೊಂಡಾಗಲೂ ಸ್ಪ್ರಿಂಗಿಗೆ ತನ್ನ 350ರ ಉದ್ದಕ್ಕೆ ಹೋಗಲು ಬಿಡುವುದಿಲ್ಲ. ನಮ್ಮ ಉದಾಹರಣೆಯಲ್ಲಿ 320ರಲ್ಲಿಯೇ ಹಿಡಿದು ನಿಲ್ಲಿಸುತ್ತದೆ ಎನ್ನೋಣ. ಗಾಡಿ ನಿಂತಾಗ ಸ್ಪ್ರಿಂಗ್ 260ರಲ್ಲಿದೆ, ಗಾಲಿ ತಗ್ಗಿಗೆ ಇಳಿಯುವಾಗ ಅದು 320ರವರೆಗೆ ಚಾಚಬಲ್ಲದು. ಎಂದರೆ ಶಾಕಿಗೆ ಕೆಳಮುಖವಾಗಿ 60 ಮಿ.ಮೀ. ಸ್ವಾತಂತ್ರ್ಯ, ಗಾಲಿಯ ಬಳಿ ಅದು 60 ಭಾಗಿಸು 0.55, ಸುಮಾರು 109. ಬುಡದಲ್ಲಿ 25ರ ಬಿಲ್ಲೆ ಬಂದ ಮೇಲೆ, ಶಾಕ್ ಪೂರ್ತಿ ಚಾಚಿದಾಗ ಸ್ಪ್ರಿಂಗಿಗೆ ಉಳಿಯುವ ಜಾಗ 320 ಅಲ್ಲ, 295. ನಿಂತಾಗ ಅದೇ 260. ಉಳಿದ ಸ್ವಾತಂತ್ರ್ಯ 35, ಗಾಲಿಯ ಬಳಿ ಸುಮಾರು 64 ಮಿ.ಮೀ. ಅದಕ್ಕಿಂತ ಆಳದ ತಗ್ಗು ಬಂದಾಗ ಗಾಲಿ ಹಿಂಬಾಲಿಸಲಾಗದೆ ಗಾಳಿಯಲ್ಲಿ ತೂಗುತ್ತದೆ, ಶಾಕ್ ತನ್ನ ಕೊನೆಯ ಮಿತಿಗೆ ಬಡಿಯುತ್ತದೆ. ಆ "ಟಕ್" ಅದೇ. ಗಟ್ಟಿಯಾದದ್ದು ಸ್ಪ್ರಿಂಗ್ ಅಲ್ಲ, ಮುಗಿದುಹೋದದ್ದು ಇಳಿಜಾಗ, ಎಂದರೆ ಗಾಲಿ ಕೆಳಕ್ಕಿಳಿಯಲು ಇದ್ದ ಜಾಗ.

ಇನ್ನೊಂದು ತರಹದ ಸ್ಪೇಸರ್ ಇದೆ. ಅದು ಸ್ಪ್ರಿಂಗಿನ ಬುಡದಲ್ಲಿ ಅಲ್ಲ, ಇಡೀ ಶಾಕ್ ಮತ್ತು ಸ್ಪ್ರಿಂಗಿನ ಜೋಡಿಯ ತಲೆಯ ಮೇಲೆ, ಅದು ಚಾಸಿಗೆ ಬೋಲ್ಟ್ ಆಗುವ ಜಾಗದಲ್ಲಿ ಕೂರುತ್ತದೆ. ಗಾಡಿ ಏರುವುದು ಎರಡರಲ್ಲೂ ಒಂದೇ. ಆದರೆ ಇಲ್ಲಿ ನಿಂತಾಗಿನ ಶಾಕಿನ ಉದ್ದ ಬದಲಾಗದು, 60ರ ಇಳಿಜಾಗ 60 ಆಗಿಯೇ ಉಳಿಯುತ್ತದೆ, ಸವಾರಿ ಮೊದಲಿನಂತೆಯೇ ಇರುತ್ತದೆ. ಇದೇ ಒಳ್ಳೆಯದಲ್ಲವೇ ಎಂದು ನಾನು ಹಿಗ್ಗಿದ್ದೆ. ಮೊದಲ ಸಲ ನಾಲ್ಕೂ ಕಡೆ 30 ಹಾಕಿಸಿದಾಗ ಮುಂದೆ ಕೂತಿದ್ದು ಈ ತರಹದ್ದೇ ಎಂಬುದು ಆಮೇಲೆ ಗೊತ್ತಾಯಿತು. ಗಾಲಿಯ ಇಡೀ ಚಲನೆಯ ಪಟ್ಟಿಯೇ 54 ಮಿ.ಮೀ. ಕೆಳಕ್ಕೆ ಸರಿದಿರುತ್ತದೆ, ಗಾಲಿ ಪೂರ್ತಿ ಇಳಿದಾಗ ತಯಾರಕರು ಎಂದೂ ಬಿಡದಿದ್ದ ಆಳಕ್ಕೆ ಇಳಿಯುತ್ತದೆ. ಆಗ ಗಾಲಿಗೆ ಶಕ್ತಿ ಒಯ್ಯುವ ಡ್ರೈವ್ ಶಾಫ್ಟಿನ ಬಾಗುವ ಕೀಲಾದ ಸಿವಿ ಜಾಯಿಂಟೂ ಬಾಲ್ ಜಾಯಿಂಟೂ ವಿಪರೀತ ಓರೆಯಲ್ಲಿ ತಿರುಗಬೇಕಾಗುತ್ತದೆ. ಒಂದು ಬೆಳಿಗ್ಗೆ ಎಡಗಾಲಿಯ ರಿಮ್ಮಿನ ಒಳಬದಿಗೆ ಕಪ್ಪು ಗ್ರೀಸ್ ಚಿಮ್ಮಿ, ಅದರ ಮೇಲೆ ಎರೆಯ ಧೂಳು ಕೂತು, ಬೆರಳಿಟ್ಟರೆ ಡಾಂಬರಿನಂತೆ ಅಂಟುತ್ತಿತ್ತು. ಸಿವಿ ಜಾಯಿಂಟಿನ ರಬ್ಬರ್ ಬೂಟು ಮಡಿಕೆಯಲ್ಲಿ ಸೀಳಿತ್ತು. ಇದರ ಜೊತೆಗೆ ಮೇಲಿನ ಮಿತಿಯನ್ನೂ ನೋಡಬೇಕು: ತೋಳು ಹೆಚ್ಚು ಮೇಲೇರದಂತೆ ತಡೆಯುವ ಬಂಪ್ ಸ್ಟಾಪ್ ಚಾಸಿಯ ಮೇಲೆ ಹಳೆಯ ಜಾಗದಲ್ಲಿಯೇ ಇದ್ದರೆ, ತೋಳು ಅದಕ್ಕೆ ತಾಗುವ ಮೊದಲೇ ಶಾಕ್ ಒಳಗೆ ತಳ ಮುಟ್ಟಿ ಕೆಡಬಹುದು.

ಹಿಂದಿನ ಕಡೆ ಈ ಆಯ್ಕೆಯೇ ಇಲ್ಲ. ಅಲ್ಲಿ ಶಾಕ್ ಬೇರೆಯಾಗಿರುವುದರಿಂದ ಸ್ಪ್ರಿಂಗಿಗೆ ಹಾಕುವ ಸ್ಪೇಸರ್ ಎಂದೂ ಮೊದಲ ತರಹದ್ದೇ, ಇಳಿಜಾಗವನ್ನು ತಿನ್ನುವಂಥದ್ದೇ. ಅದನ್ನು ಮರಳಿ ಪಡೆಯಬೇಕಾದರೆ ಉದ್ದನೆಯ ಶಾಕ್ ಬೇಕು, ಅದರೊಂದಿಗೆ ಬ್ರೇಕಿನ ರಬ್ಬರ್ ಪೈಪು ಆ ಉದ್ದಕ್ಕೆ ಸಾಲುತ್ತದೆಯೇ ಎಂದೂ ಗಾಲಿ ತೂಗುಬಿಟ್ಟು ನೋಡಬೇಕು.

ಗಟ್ಟಿ ಸ್ಪ್ರಿಂಗ್ ಯಾರಿಗೆ

ಪ್ರತಿ 12 ಕಿ.ಗ್ರಾಂ.ಗೆ 1 ಮಿ.ಮೀ. ತಗ್ಗುವ ಸ್ಪ್ರಿಂಗ್ ಹಾಕಿದರೆ ಅದೇ 900 ಕಿ.ಗ್ರಾಂ.ಗೆ 75 ಮಾತ್ರ ತಗ್ಗುತ್ತದೆ, ಗಾಲಿಯ ಬಳಿ ಸುಮಾರು 27 ಮಿ.ಮೀ. ಏರಿಕೆ ಸಿಗುತ್ತದೆ. ಕಬ್ಬಿಣದ ಬಂಪರ್, ವಿಂಚ್ ಮುಂತಾದ ಕಾಯಂ ಭಾರ ಇರುವವರಿಗೆ ಇದು ಸರಿ. ಒಬ್ಬನೇ ಕೂತು, ಊಟದ ಡಬ್ಬಿ ಇಟ್ಟುಕೊಂಡು ಓಡಾಡುವವನಿಗೆ ಇದು ಶಿಕ್ಷೆ. ಭಾರವನ್ನು ನೋಡಿ ಸ್ಪ್ರಿಂಗ್ ಆರಿಸಬೇಕು, ಎತ್ತರವನ್ನು ನೋಡಿ ಅಲ್ಲ.

ಜಿಮ್ನಿ ಇರುವ ಗೆಳೆಯರಿಗೆ

ಮಾರುತಿ ಜಿಮ್ನಿಯ ಮುಂದೆಯೂ ಗಟ್ಟಿ ಆ್ಯಕ್ಸಲ್ ಇದ್ದು, ಎರಡು ಉದ್ದ ತೋಳುಗಳು ಅದನ್ನು ಹಿಡಿದಿವೆ. ಲಿಫ್ಟ್ ಮಾಡಿದಾಗ ಆ ತೋಳುಗಳು ಕೆಳಕ್ಕೆ ವಾಲುವಾಗ ಆ್ಯಕ್ಸಲ್ಲನ್ನೂ ತಮ್ಮೊಂದಿಗೆ ತಿರುಗಿಸುತ್ತವೆ. ತೋಳು 600 ಮಿ.ಮೀ. ಎಂದು ಇಟ್ಟುಕೊಂಡರೆ 50ರ ಏರಿಕೆಗೆ ಸುಮಾರು ಐದು ಡಿಗ್ರಿ ತಿರುಗುತ್ತದೆ, ಕ್ಯಾಸ್ಟರ್ ಕೋನ (ಗಾಲಿ ಎಡಬಲಕ್ಕೆ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಓರೆ) ಅಷ್ಟು ಕಡಿಮೆಯಾಗುತ್ತದೆ. ಆಗ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ಮರಳುವುದಿಲ್ಲ, ವೇಗದಲ್ಲಿ ಗಾಡಿ ಅಲೆದಾಡುತ್ತದೆ. ಕೋನ ಸರಿಪಡಿಸುವ ಬುಶ್‌ಗಳ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ಆ್ಯಕ್ಸಲ್ಲನ್ನು ಅಡ್ಡಲಾಗಿ ಹಿಡಿಯುವ ಪ್ಯಾನ್‌ಹಾರ್ಡ್ ರಾಡ್ ಕೂಡ ಅದನ್ನು ಕೆಲವು ಮಿಲಿಮೀಟರ್ ಪಕ್ಕಕ್ಕೆ ಎಳೆಯುತ್ತದೆ. ಜಿಪ್ಸಿಯವರದು ನಾಲ್ಕೂ ಕಡೆ ಕಮಾನ್ ಪಟ್ಟಿ, ಅದರ ಲೆಕ್ಕವೇ ಬೇರೆ.

ಕಾನೂನಿನ ಮಾತು

ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ಮತ್ತು 2019ರ ಜನವರಿಯ ಸುಪ್ರೀಂ ಕೋರ್ಟಿನ ತೀರ್ಪಿನ ಪ್ರಕಾರ, ತಯಾರಕರು ಮೂಲದಲ್ಲಿ ನಮೂದಿಸಿದ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಾಯಿಸುವಂತಿಲ್ಲ. ಕೆಲಸಕ್ಕೆ ಕೈಹಾಕುವ ಮೊದಲೇ ಆರ್‌ಟಿಓ ಕಚೇರಿಯಲ್ಲಿಯೂ ವಿಮೆಯವರಲ್ಲಿಯೂ ಬರವಣಿಗೆಯಲ್ಲಿ ವಿಚಾರಿಸಿ. ಅಪಘಾತವಾದ ಮೇಲೆ ವಿಚಾರಿಸುವುದು ತಡವಾಗುತ್ತದೆ.

ನಾನು ಅಳೆಯುವ ರೀತಿ

ಇದು ನನಗೆ ಬಹಳ ಇಷ್ಟವಾದ ಉಪಾಯ. ನೆಲದಿಂದ ಮಡ್‌ಗಾರ್ಡಿನವರೆಗೆ ಅಳೆಯಬೇಡಿ. ಟೈರಿನ ಗಾಳಿ, ಸವಕಳಿ, ನೆಲದ ಓರೆ ಎಲ್ಲವೂ ಅದರಲ್ಲಿ ಸೇರಿಕೊಳ್ಳುತ್ತವೆ. ಗಾಲಿಯ ನಡುಬಿಂದುವಿನಿಂದ ನೇರ ಮೇಲಕ್ಕೆ ಮಡ್‌ಗಾರ್ಡಿನ ಅಂಚಿನವರೆಗೆ ಅಳೆಯಿರಿ. ಟೈರು ಯಾವುದೇ ಇರಲಿ, ಈ ಸಂಖ್ಯೆ ಸಸ್ಪೆನ್ಷನ್ನಿನ ಬಗ್ಗೆ ಮಾತ್ರ ಹೇಳುತ್ತದೆ. ಅಳೆಯುವ ಮೊದಲು ಗಾಡಿಯನ್ನು ಹತ್ತು ಮೀಟರ್ ಹಿಂದೆ ಮುಂದೆ ಓಡಿಸಿ ನಿಲ್ಲಿಸಿ, ಏಕೆಂದರೆ ಜ್ಯಾಕಿನಿಂದ ಆಗತಾನೇ ಇಳಿಸಿದ ಗಾಡಿ ಸುಳ್ಳು ಎತ್ತರ ತೋರಿಸುತ್ತದೆ. ನಾಲ್ಕು ಗಾಲಿಗಳ ನಾಲ್ಕು ಸಂಖ್ಯೆಗಳನ್ನು ಕೆಲಸದ ಮೊದಲು, ಕೆಲಸದ ದಿನ, ಸಾವಿರ ಕಿಲೋಮೀಟರ್ ಆದ ಮೇಲೆ ಬರೆದಿಡಿ.

ಕೊನೆಗೆ ನಾನು ಉಳಿಸಿಕೊಂಡದ್ದು ಇದು: ಮುಂದೆ ತಲೆಯ ಮೇಲೆ ಕೂರುವ 15 ಮಿ.ಮೀ. ಸ್ಪೇಸರ್, ಗಾಲಿಯ ಬಳಿ 27. ಹಿಂದೆ ಸ್ಪ್ರಿಂಗಿನ ಬುಡಕ್ಕೆ 25, ಜೊತೆಗೆ ಸ್ವಲ್ಪ ಉದ್ದನೆಯ ಶಾಕ್. ಹೊಸ ಬೂಟು ಹಾಕಿಸಿ, ಅಲೈನ್‌ಮೆಂಟ್ ಮಾಡಿಸಿ, ರಾತ್ರಿ ಮನೆಯ ಗೋಡೆಗೆ ಮುಖ ಮಾಡಿ ನಿಲ್ಲಿಸಿ, ಹಳೆಯ ಎತ್ತರದಲ್ಲಿ ಬೆಳಕು ಬೀಳುತ್ತಿದ್ದ ಗೆರೆಯನ್ನು ಸುಣ್ಣದ ಕಡ್ಡಿಯಿಂದ ಎಳೆದು ಹೆಡ್‌ಲೈಟ್ ತಿರುಪುಗಳನ್ನು ಸರಿಪಡಿಸಿದೆ. ಇಳಿಜಾಗದ ಆ ಸದ್ದು ನಿಂತಿದೆ. ಅವ್ವ ಹತ್ತುವಾಗ ಮಾತ್ರ ಈಗ ಒಂದು ಮಣೆ ಇಡಬೇಕಾಗಿದೆ, ಅದು ಹಿಂದಿನ ಸೀಟಿನ ಕೆಳಗೆ ಕಾಯಂ ಆಗಿ ಇರುತ್ತದೆ.