ತಿಗರಿಯಿಂದ ಇಳಿದ ಬೋಗುಣಿಗೆ ಗೆರೆ ಎಳೆಯುವ ಹೊತ್ತು

ಕಲಿಯಲು ಬರುವವರು ಬೋಗುಣಿಯ ಮೈಮೇಲಿನ ಗೆರೆಗಳನ್ನು ಸವರಿ ನೋಡಿ ಮೊದಲು ಕೇಳುವ ಪ್ರಶ್ನೆ ಒಂದೇ: "ಇದನ್ನು ಯಾವುದರಿಂದ ಕೊರೆದಿರಿ?" ನಾನು ಹಳೆಯ ಸೈಕಲ್ ಚಕ್ರದ ಕಡ್ಡಿಯೊಂದನ್ನು ತೋರಿಸುತ್ತೇನೆ. ತುದಿಯನ್ನು ಬಡಿದು ಚಪ್ಪಟೆ ಮಾಡಿ, ಕಲ್ಲಿಗೆ ಉಜ್ಜಿ ಚೂಪು ಮಾಡಿಕೊಂಡದ್ದು. ಅವರ ಮುಖ ಸಪ್ಪಗಾಗುತ್ತದೆ. ಏನೋ ವಿಶೇಷ ಉಪಕರಣ ಇದ್ದೀತು ಎಂದುಕೊಂಡಿರುತ್ತಾರೆ. ಯಾವಾಗ ಕೊರೆದಿರಿ ಎಂದು ಯಾರಾದರೂ ಕೇಳಿದರೆ ಆ ದಿನ ನನಗೆ ಖುಷಿ. ಅದೇ ಕಡ್ಡಿ, ಅದೇ ಕೈ, ಅದೇ ಬೋಗುಣಿ. ಬೆಳಿಗ್ಗೆ ಕೊರೆದರೆ ಗೆರೆಯ ಎರಡೂ ಬದಿಯಲ್ಲಿ ಮಣ್ಣು ಉಬ್ಬಿ ಅಂಟಿಕೊಳ್ಳುತ್ತದೆ, ಮಧ್ಯಾಹ್ನ ಕೊರೆದರೆ ಚಾಕುವಿನಲ್ಲಿ ಕತ್ತರಿಸಿದಷ್ಟು ಸ್ವಚ್ಛ, ಮರುದಿನ ಕೊರೆದರೆ ಅಂಚೆಲ್ಲ ಪುಡಿಪುಡಿ.

ಇದಕ್ಕೆ ಕಾರಣ ಮಣ್ಣಿನ ಒಳಗಿದೆ. ಜೇಡಿಮಣ್ಣಿನ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣ ಚಪ್ಪಟೆ ಬಿಲ್ಲೆಗಳು. ನಡುವೆ ನೀರಿನ ತೆಳುಪದರ ಇರುವ ತನಕ ಅವು ಒಂದರ ಮೇಲೊಂದು ಜಾರುತ್ತವೆ, ಆದರೂ ಕೈಬಿಡುವುದಿಲ್ಲ. ಮಣ್ಣು ಹೇಳಿದ ಹಾಗೆ ಕೇಳುವುದು ಈ ಜಾರುವಿಕೆಯಿಂದಲೇ. ನೀರು ಆರಿದಂತೆ ಬಿಲ್ಲೆಗಳು ಹತ್ತಿರ ಸರಿಯುತ್ತವೆ, ಪಾತ್ರೆ ಕುಗ್ಗುತ್ತದೆ. ಹಸಿಯಿಂದ ಪೂರ್ತಿ ಒಣಗುವಷ್ಟರಲ್ಲಿ ಸಾಮಾನ್ಯವಾಗಿ ನೂರಕ್ಕೆ 5ರಿಂದ 8ರಷ್ಟು ಕುಗ್ಗುತ್ತದೆ. ಹೆಚ್ಚು ಶಾಖದಲ್ಲಿ ಸುಟ್ಟು ಕಲ್ಲಿನಷ್ಟು ಗಟ್ಟಿ ಮಾಡುವ ಸ್ಟೋನ್‌ವೇರ್ ಮಣ್ಣಾದರೆ ಪೂರ್ತಿ ಸುಟ್ಟು ತೆಗೆಯುವ ಹೊತ್ತಿಗೆ ಒಟ್ಟು 10ರಿಂದ 13ರಷ್ಟು. ಅಲಂಕಾರ ಕೆಟ್ಟಿತು ಎಂದು ನನ್ನ ಬಳಿ ತರುವ ಪಾತ್ರೆಗಳಲ್ಲಿ ಬಹುಪಾಲು ಈ ಕುಗ್ಗುವಿಕೆಯ ಲೆಕ್ಕ ತಪ್ಪಿದವು.

ಆದರೆ ಅಲಂಕಾರದ ಮಾತಿಗೆ ಮೊದಲು ಚಕ್ರದ ಮುಂದೆ ಕೂರಬೇಕು.

ಮಣ್ಣು ನಾದುವ ಕೆಲಸವನ್ನು ಎಲ್ಲರೂ ಬೇಗ ಮುಗಿಸಲು ನೋಡುತ್ತಾರೆ. ಹಿಟ್ಟು ನಾದಿ ಅಭ್ಯಾಸವಾದ ಕೈಗೆ ಮಡಚುವ ಚಾಳಿ ಇರುತ್ತದೆ. ಮಣ್ಣನ್ನು ಮಡಚಿದರೆ ಮಡಿಕೆಯೊಳಗೆ ಗಾಳಿ ಸೇರಿಕೊಳ್ಳುತ್ತದೆ. ಅಂಗೈಯ ಬುಡದಿಂದ ಒತ್ತಿ, ತುಸು ತಿರುಗಿಸಿ, ಮತ್ತೆ ಒತ್ತಬೇಕು. ಆಮೇಲೆ ತಂತಿಯಿಂದ ಮುದ್ದೆಯನ್ನು ಎರಡಾಗಿ ಸೀಳಿ ನೋಡಿ. ಸೀಳಿದ ಮುಖದಲ್ಲಿ ಒಂದು ತೂತು ಕಂಡರೂ ಮತ್ತೆ ನಾದಿ. ಆ ತೂತು ಗೋಡೆ ಎತ್ತುವಾಗ ಗುಳ್ಳೆಯಾಗಿ ಬೆರಳಿಗೆ ತಾಗಿ ಇಡೀ ಪಾತ್ರೆಯನ್ನು ಓಲಾಡಿಸುತ್ತದೆ.

ಇನ್ನು ಮುದ್ದೆಯನ್ನು ನಡುವಿಗೆ ತರುವುದು. ಹೊಸಬರು ಸೋಲುವುದು ಇಲ್ಲಿ, ಅಳುವುದೂ ಇಲ್ಲಿ. ಬಲ ಸಾಲದು ಎಂದು ಎಲ್ಲರಿಗೂ ಅನ್ನಿಸುತ್ತದೆ. ಬಲ ಬೇಕಾದಷ್ಟಿರುತ್ತದೆ, ಅದಕ್ಕೆ ನೆಲೆ ಇರುವುದಿಲ್ಲ. ಗಾಳಿಯಲ್ಲಿ ತೇಲುವ ಮೊಣಕೈಯನ್ನು ಮುದ್ದೆ ತನ್ನ ಓಲಾಟಕ್ಕೆ ಎಳೆದುಕೊಳ್ಳುತ್ತದೆ. ಎಡ ಮೊಣಕೈಯನ್ನು ತೊಡೆಗೋ ಸೊಂಟಕ್ಕೋ ಊರಿ, ಅಂಗೈಯನ್ನು ಮುದ್ದೆಯ ಪಕ್ಕಕ್ಕೆ ಇಡಿ. ಬಲಗೈಯ ಬುಡದಿಂದ ಮೇಲಿನಿಂದ ಅದುಮಿ. ಎರಡೂ ಕೈಗಳ ಹೆಬ್ಬೆರಳುಗಳು ಒಂದಕ್ಕೊಂದು ತಾಗಿರಲಿ. ಆಗ ಎರಡು ಕೈ ಒಂದೇ ಉಪಕರಣವಾಗುತ್ತದೆ. ಚಕ್ರ ಜೋರಾಗಿ ತಿರುಗಲಿ. ಮುದ್ದೆಯನ್ನು ಶಂಕುವಿನಂತೆ ಮೇಲಕ್ಕೆ ಎತ್ತಿ, ಮತ್ತೆ ಕೆಳಗೆ ಒತ್ತಿ, ಹೀಗೆ ಎರಡು ಮೂರು ಸಲ. ಆಗ ಕೈ ಸ್ಥಿರವಾಗಿದ್ದು ಮಣ್ಣು ಮಾತ್ರ ಅದರಡಿ ಜಾರುವ ಗಳಿಗೆಯೊಂದು ಬರುತ್ತದೆ. ಕಣ್ಣು ಮುಚ್ಚಿದರೆ ಚಕ್ರ ನಿಂತೇ ಹೋಗಿದೆಯೇನೋ ಎನ್ನಿಸಬೇಕು. ನಂಬಿಕೆ ಬಾರದಿದ್ದರೆ ಸೂಜಿಯ ತುದಿಯನ್ನು ಮೆಲ್ಲಗೆ ಹತ್ತಿರ ತನ್ನಿ. ಸುತ್ತಲೂ ಒಂದೇ ಆಳದ ಗೀರು ಬಿದ್ದರೆ ಸರಿ, ಒಂದು ಕಡೆ ಮಾತ್ರ ಬಿದ್ದರೆ ಇನ್ನೂ ಕೆಲಸ ಬಾಕಿ. ಕೈ ತೆಗೆಯುವಾಗ ನಿಧಾನವಾಗಿ ತೆಗೆಯಿರಿ. ಹತ್ತು ನಿಮಿಷ ಕಷ್ಟಪಟ್ಟು ನಡುವಿಗೆ ತಂದದ್ದನ್ನು ಕೈಯನ್ನು ಥಟ್ಟನೆ ಎತ್ತಿ ಕೆಡಿಸಿಕೊಳ್ಳುವವರನ್ನು ನೋಡಿದಾಗೆಲ್ಲ, ಕುಂಬಾರನಿಗೆ ವರುಷ ದೊಣ್ಣೆಗೆ ನಿಮಿಷ ಎಂಬ ಗಾದೆಯ ದೊಣ್ಣೆ ಎಷ್ಟೋ ಸಲ ಕುಂಬಾರನ ಕೈಯೇ ಎಂದು ನನಗೆ ಅನ್ನಿಸುತ್ತದೆ.

ನಡುವನ್ನು ತೆರೆಯುವಾಗ ತಳಕ್ಕೆ ಎಷ್ಟು ದಪ್ಪ ಬಿಡಬೇಕು ಎಂಬುದು ಕೊನೆಗೆ ಕಾಲು ಕೆತ್ತುತ್ತೀರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಬೋಗುಣಿಗೆ ಬಳೆಯಂಥ ಕಾಲು ಕೆತ್ತುವುದಾದರೆ 8ರಿಂದ 10 ಮಿಲಿಮೀಟರ್ ಇರಲಿ. ತಳವನ್ನು ತೆರೆದ ಮೇಲೆ ನಡುವಿನಿಂದ ಅಂಚಿಗೆ, ಅಂಚಿನಿಂದ ನಡುವಿಗೆ ಬೆರಳಿನಿಂದ ನಾಲ್ಕಾರು ಸಲ ಅದುಮಲು ಮರೆಯಬೇಡಿ. ಗೋಡೆಯ ಮಣ್ಣು ಎಳೆತದಲ್ಲಿ ಗಟ್ಟಿಯಾಗುತ್ತದೆ, ತಳದ ಮಣ್ಣಿಗೆ ಆ ಭಾಗ್ಯವಿಲ್ಲ. ಅದುಮದೆ ಬಿಟ್ಟ ತಳದಲ್ಲಿ, ಅದರಲ್ಲೂ ನೀರು ನಿಂತ ತಳದಲ್ಲಿ, ಒಣಗುವಾಗಲೋ ಸುಡುವಾಗಲೋ ಹಾವಿನಂತೆ ಡೊಂಕಾದ ಬಿರುಕು ಬಿಡುತ್ತದೆ. ಎತ್ತುವುದು ಮುಗಿದ ಕೂಡಲೇ ಒಳಗಿನ ನೀರನ್ನು ಸ್ಪಂಜಿನಿಂದ ತೆಗೆದುಬಿಡಿ.

ಗೋಡೆ ಎತ್ತುವಾಗ ಒಳಗಿನ ಬೆರಳು ಹೊರಗಿನ ಗೆಣ್ಣಿಗಿಂತ ಕೂದಲೆಳೆಯಷ್ಟು ಮೇಲಿರಬೇಕು. ಗೋಡೆ ಏರಿದಂತೆ ಚಕ್ರದ ವೇಗ ಇಳಿಯಬೇಕು. ನೀರನ್ನು ಜಿಪುಣನಂತೆ ಬಳಸಿ. ಮೂರು ಎತ್ತಿಗೆ ಆಗದ್ದು ಎಂಟನೆಯ ಎತ್ತಿಗೂ ಆಗುವುದಿಲ್ಲ. ಅಷ್ಟರಲ್ಲಿ ಮಣ್ಣು ನೀರು ಕುಡಿದು ಸೋತಿರುತ್ತದೆ.

ಮೊದಲ ಅಲಂಕಾರ ಈ ಹೊತ್ತಿಗೇ ಆಗಿರುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಬೆರಳು ಮೇಲೇರಿದ ದಾರಿ ಗೋಡೆಯ ಮೇಲೆ ಸುರುಳಿಯಾಗಿ ಉಳಿದಿದೆ. ಹೆಚ್ಚಿನ ಸ್ಟುಡಿಯೋಗಳಲ್ಲಿ ಚಕ್ರ ಎಡಸುತ್ತಾಗಿ ತಿರುಗುತ್ತದೆ, ಜಪಾನಿನ ಪದ್ಧತಿಯಲ್ಲಿ ಬಲಸುತ್ತಾಗಿ. ಸುರುಳಿಯನ್ನು ನೋಡಿ ಚಕ್ರ ಯಾವ ಕಡೆಗೆ ತಿರುಗಿತ್ತು ಎಂದು ಹೇಳಬಹುದು. ಇಂಥ ಸುರುಳಿಯನ್ನು ಉಳಿಸುವುದೋ, ಪಟ್ಟಿಯಿಂದ ಸವರಿ ನುಣುಪು ಮಾಡುವುದೋ ಎಂಬುದನ್ನು ಚಕ್ರದ ಮೇಲೆಯೇ ನಿರ್ಧರಿಸಿ. ಮೇಲೆ ಕುಂಚದಲ್ಲಿ ಚಿತ್ರ ಬರೆಯುವ ಆಸೆಯಿದ್ದರೆ ನುಣುಪು ಬೇಕು. ಸುಟ್ಟಾಗ ಕರಗಿ ಗಾಜಿನ ಪದರವಾಗುವ ಲೇಪ, ಅಂದರೆ ಗ್ಲೇಜ್, ಒಂದನ್ನೇ ಹಚ್ಚುವುದಾದರೆ ಸುರುಳಿ ಇರಲಿ; ಏಣಿನ ಮೇಲೆ ಗ್ಲೇಜ್ ತೆಳುವಾಗಿ, ಕುಳಿಯಲ್ಲಿ ದಪ್ಪವಾಗಿ ನಿಂತು ತಾನೇ ಚಿತ್ತಾರ ಬಿಡಿಸುತ್ತದೆ. ಎರಡನ್ನೂ ಮಾಡಲು ಹೊರಟ ಪಾತ್ರೆಗಳು ನನಗೆ ಕಿರಿಕಿರಿ ಉಂಟುಮಾಡುತ್ತವೆ.

ಇನ್ನೂ ಹಸಿಯಾಗಿರುವಾಗಲೇ ಆಗಬೇಕಾದ ಕೆಲಸಗಳು ಬೇರೆ ಕೆಲವಿವೆ. ಜೇಡಿಮಣ್ಣನ್ನು ನೀರಿನಲ್ಲಿ ಕದಡಿ, ಸೋಸಿ, ಕೆನೆಯಷ್ಟು ದಪ್ಪ ಮಾಡಿಕೊಂಡದ್ದನ್ನು ಸ್ಲಿಪ್ ಎನ್ನುತ್ತೇವೆ. ಬಣ್ಣಕ್ಕೆ ಅದರಲ್ಲಿ ಕಬ್ಬಿಣ, ತಾಮ್ರ, ಕೋಬಾಲ್ಟ್ ಮುಂತಾದವುಗಳ ಆಕ್ಸೈಡ್ ಬೆರೆಸುತ್ತಾರೆ. ಒರಟು ಕುಂಚಕ್ಕೆ ಬಿಳಿ ಸ್ಲಿಪ್ ಅದ್ದಿ, ತಿರುಗುವ ಪಾತ್ರೆಗೆ ಒಮ್ಮೆ ತಾಗಿಸಿ ಎತ್ತಿದರೆ ಕುಂಚದ ಒಂದೊಂದು ಕೂದಲೂ ಗೆರೆ ಬಿಡುತ್ತದೆ. ಒಂದು ಬಣ್ಣದ ಹಸಿ ಸ್ಲಿಪ್ ಮೇಲೆ ಇನ್ನೊಂದರ ಎಳೆಗಳನ್ನು ಹರಿಸಿ, ಹಕ್ಕಿಯ ಗರಿಯಿಂದ ಅಡ್ಡಲಾಗಿ ಎಳೆದರೆ ಎಳೆಗಳೆಲ್ಲ ಅಲೆಯಾಗುತ್ತವೆ. ಎಲ್ಲಕ್ಕಿಂತ ಮೋಜಿನದು ಮೋಕಾ ಎಂಬ ಪದ್ಧತಿ, 18ನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನಲ್ಲಿ ಬಳಕೆಗೆ ಬಂದದ್ದು. ವಿನಿಗರ್ ಅಥವಾ ತಂಬಾಕಿನ ಕಷಾಯದಲ್ಲಿ ಬಣ್ಣ ಕಲಸಿ, ಆಗ ತಾನೇ ಹಚ್ಚಿದ ಸ್ಲಿಪ್‌ಗೆ ಒಂದು ಹನಿ ಮುಟ್ಟಿಸಿದರೆ ಸಾಕು, ಕಣ್ಣೆದುರಿಗೇ ಕೊಂಬೆ ರೆಂಬೆ ಒಡೆದು ಮರವೊಂದು ಬೆಳೆಯುತ್ತದೆ. ಸ್ಲಿಪ್‌ನ ತೇವದ ಹೊಳಪು ಮಾಸಿದ ಮೇಲೆ ಹನಿ ಬಿಟ್ಟರೆ ಬರೀ ಕಲೆ.

ಇಲ್ಲೊಂದು ಎಚ್ಚರಿಕೆ. ಸ್ಲಿಪ್ ಎಂದರೆ ಮುಕ್ಕಾಲು ನೀರೇ ಎಂದುಕೊಂಡು ಹಚ್ಚಿ. ತೆಳು ಗೋಡೆಯ ಹಸಿ ಬೋಗುಣಿಗೆ ಒಳಗೂ ಹೊರಗೂ ಒಟ್ಟಿಗೆ ಸ್ಲಿಪ್ ಸುರಿದು, ಕೈ ತೊಳೆದು ಬರುವಷ್ಟರಲ್ಲಿ ಅದು ಒದ್ದೆ ಬಟ್ಟೆಯಂತೆ ಮಡಚಿ ಬಿದ್ದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ. ಒಳಗೆ ಇಂದು, ಹೊರಗೆ ಅದು ಬಿಗಿದ ಮೇಲೆ.

ನಂತರ ಬರುವುದು ನನಗೆ ಅತ್ಯಂತ ಪ್ರಿಯವಾದ ಹದ, ತೊಗಲಿನ ಹದ. ಪಾತ್ರೆ ಎತ್ತಿದರೆ ಆಕಾರ ಬಿಡುವುದಿಲ್ಲ, ಕೆನ್ನೆಗೆ ಹಿಡಿದರೆ ತಣ್ಣಗಿರುತ್ತದೆ, ಉಗುರು ಊರಿದರೆ ಗುರುತು ಬೀಳುತ್ತದೆ, ಆದರೆ ಉಗುರಿಗೆ ಮಣ್ಣು ಮೆತ್ತುವುದಿಲ್ಲ. ಬೋಗುಣಿಯನ್ನು ಬೋರಲು ಹಾಕಿ ಕಾಲು ಕೆತ್ತುವುದು, ಹಿಡಿ ಅಂಟಿಸುವುದು ಎಲ್ಲ ಈಗಲೇ. ಕೆತ್ತುವಾಗ ಉದ್ದನೆಯ ಸಿಪ್ಪೆ ಸುರುಳಿ ಸುತ್ತಿ ಬರಬೇಕು. ಸಿಪ್ಪೆ ಉಪಕರಣಕ್ಕೆ ಅಂಟಿದರೆ ಇನ್ನೂ ಹಸಿ, ಪುಡಿ ಉದುರಿದರೆ ತಡವಾಯಿತು.

ಸ್ಲಿಪ್ ಹಚ್ಚಿ ಕೆರೆದು ಚಿತ್ರ ಬಿಡಿಸುವ ವಿಧಾನಕ್ಕೆ ಸ್ಗ್ರಾಫಿಟೋ ಎಂದು ಇಟಲಿಯ ಹೆಸರು. ಅರ್ಥ ಗೀಚಿದ್ದು ಎಂದೇ. ಕೆಂಪು ಮಣ್ಣಿನ ಮೇಲೆ ಬಿಳಿ ಸ್ಲಿಪ್ ಹಚ್ಚಿ, ಅದು ಬೆರಳಿಗೆ ಅಂಟದಂತಾದ ಮೇಲೆ ಕಡ್ಡಿಯಿಂದ ಕೆರೆದರೆ ಕೆಳಗಿನ ಕೆಂಪು ಕಾಣುತ್ತದೆ. ಕೆರೆಯುವಾಗ ಗೆರೆಯ ಪಕ್ಕದಲ್ಲಿ ಎದ್ದ ಮಣ್ಣಿನ ಚೂರುಗಳನ್ನು ಬೆರಳಿನಿಂದ ಒರೆಸಲು ಕೈ ತುಡಿಯುತ್ತದೆ. ಒರೆಸಬೇಡಿ. ಒರೆಸಿದರೆ ಅವು ಗೆರೆಯೊಳಗೇ ತುಂಬಿಕೊಂಡು ಬಿಳಿಯೆಲ್ಲ ಕೊಳೆಯಾಗುತ್ತದೆ. ಪೂರ್ತಿ ಒಣಗುವವರೆಗೆ ಬಿಟ್ಟು ಮೆತ್ತನೆಯ ಕುಂಚ ಆಡಿಸಿದರೆ ತಾವೇ ಉದುರುತ್ತವೆ. ಆಗ ಮುಖಕ್ಕೆ ಸರಿಯಾದ ಮಾಸ್ಕ್ ಇರಲಿ, ಉದುರಿದ್ದನ್ನು ಒದ್ದೆ ಸ್ಪಂಜಿನಿಂದ ತೆಗೆಯಿರಿ, ಪೊರಕೆ ಮುಟ್ಟಬೇಡಿ. ಮಣ್ಣಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶವನ್ನು ಗಟ್ಟಿಯಾಗಿಸುವ ಸಿಲಿಕೋಸಿಸ್‌ಗೆ ಅದೇ ಮೂಲ.

ಇದರ ತಿರುವುಮುರುವು ಎನ್ನಬಹುದಾದದ್ದು ಕೊರಿಯಾದ ಗೊರ್ಯೊ ರಾಜವಂಶದ ಕಾಲದ ಸಾಂಗ್‌ಗಾಮ್. 12ನೆಯ ಶತಮಾನದ ಹೊತ್ತಿಗೆ ಅಲ್ಲಿನ ಕುಂಬಾರರು ಅದರಲ್ಲಿ ಪಳಗಿದ್ದರು. ಮೊದಲು ಗೆರೆ ಕೊರೆದು, ಅದರೊಳಗೆ ಬಿಳಿ ಅಥವಾ ಕಪ್ಪು ಸ್ಲಿಪ್ ತುಂಬಿ, ಬಿಗಿದ ಮೇಲೆ ಮೇಲ್ಮೈಯನ್ನು ಹೆರೆದು ತೆಗೆಯುವುದು; ಗೆರೆಯಲ್ಲಿ ಮಾತ್ರ ಬಣ್ಣ ಉಳಿಯುತ್ತದೆ. ಮೇಲೆ ಹಸಿರುನೀಲಿ ಸೆಲಡಾನ್ ಗ್ಲೇಜ್. ಅವಸರದವರಿಗೆ ಇದು ಹೇಳಿಸಿದ್ದಲ್ಲ. ತುಂಬಿದ ಸ್ಲಿಪ್ ಕುಗ್ಗಿ ಗೆರೆ ತಗ್ಗಾಗುತ್ತದೆ, ಮತ್ತೆ ತುಂಬಬೇಕು, ಮತ್ತೆ ಕಾಯಬೇಕು.

ಪೂರ್ತಿ ಒಣಗಿದ ಪಾತ್ರೆಗೆ ಸ್ಲಿಪ್ ಹಚ್ಚಿದ ನನ್ನ ಮೊದಮೊದಲ ಬೋಗುಣಿಗಳ ಕಥೆಯನ್ನು ಹೇಳಿಬಿಡುತ್ತೇನೆ. ಹನ್ನೆರಡು ಇದ್ದವು. ಹಚ್ಚಿದಾಗ ಹಾಲಿನಂತೆ ಕೂತಿತ್ತು. ಸುಟ್ಟು ಆವಿಗೆಯನ್ನು, ಅಂದರೆ ಪಾತ್ರೆ ಸುಡುವ ಗೂಡನ್ನು, ತೆರೆದಾಗ ಬಿಳಿ ಪದರವೆಲ್ಲ ಹಳೆಯ ಗೋಡೆಯ ಸುಣ್ಣದಂತೆ ಎದ್ದು ಬಂದಿತ್ತು. ಬೋಗುಣಿ ಆಗಲೇ ಕುಗ್ಗಿ ಮುಗಿಸಿತ್ತು, ಸ್ಲಿಪ್ ಇನ್ನೂ ಕುಗ್ಗಬೇಕಿತ್ತು. ಇಬ್ಬರ ಹೆಜ್ಜೆ ಕೂಡಲಿಲ್ಲ. ಒಣಗಿದ ಪಾತ್ರೆಗೆ ಬಣ್ಣ ಬೇಕೆಂದರೆ ತೆಳುವಾಗಿ ಕುಂಚದಲ್ಲಿ ಬರೆಯಿರಿ. ಚೀನಾದ ಜಿಂಗ್‌ಡೆಜೆನ್‌ನಲ್ಲಿ 14ನೆಯ ಶತಮಾನದಲ್ಲೇ ಸುಡದ ಒಣ ಮೈಮೇಲೆ ಕೋಬಾಲ್ಟ್ ನೀಲಿಯಲ್ಲಿ ಬರೆದು ಮೇಲೆ ಪಾರದರ್ಶಕ ಗ್ಲೇಜ್ ಹಚ್ಚುತ್ತಿದ್ದರು. ಒಣ ಮಣ್ಣು ಬಣ್ಣವನ್ನು ತಕ್ಷಣ ಹೀರುತ್ತದೆ, ಎಳೆದ ಗೆರೆಯನ್ನು ಅಳಿಸುವ ಮಾತಿಲ್ಲ.

ಗುಂಡುಕಲ್ಲಿನಿಂದ ಉಜ್ಜಿ ಹೊಳಪು ತರುವವರು ತೊಗಲಿನ ಹದ ದಾಟಿ ಪೂರ್ತಿ ಒಣಗುವ ಮುಂಚೆ ಉಜ್ಜಬೇಕು, ಕಡಿಮೆ ಶಾಖದಲ್ಲಿ ಸುಡಬೇಕು. 1000 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದರೆ ಹೊಳಪು ಸತ್ತುಹೋಗುತ್ತದೆ.

ಸುಡುವುದು ಮತ್ತು ಗ್ಲೇಜ್ ಬೇರೆಯೇ ಒಂದು ಲೇಖನದ ವಿಷಯ. ಕೈಯಲ್ಲಿ ಕೆಲಸ ಇರುವವರಿಗೆ ಅಗತ್ಯವಾದಷ್ಟು ಮಾತ್ರ: ಪಾತ್ರೆ ಒಣಗಿದೆ ಎಂದು ಕಣ್ಣು ಹೇಳಿದ ಮೇಲೂ ಒಂದೆರಡು ದಿನ ಕಾಯಿರಿ. ಒಳಗೆ ಉಳಿದ ನೀರು 100 ಡಿಗ್ರಿಯಲ್ಲಿ ಆವಿಯಾಗಿ ಪಾತ್ರೆಯನ್ನು ಸಿಡಿಸುತ್ತದೆ, ಪಕ್ಕದವನ್ನೂ ಒಡೆಯುತ್ತದೆ. 573 ಡಿಗ್ರಿಯಲ್ಲಿ ಮಣ್ಣಿನೊಳಗಿನ ಕ್ವಾರ್ಟ್ಜ್ ಹಠಾತ್ತನೆ ಹಿಗ್ಗುತ್ತದೆ, ತಣಿಯುವಾಗ ಅಲ್ಲೇ ಕುಗ್ಗುತ್ತದೆ. ಎರಡೂ ಸಲ ಅದನ್ನು ನಿಧಾನವಾಗಿ ದಾಟಿಸಿ. ಮೊದಲ ಸುಡುವಿಕೆ 900ರಿಂದ 1000 ಡಿಗ್ರಿಗೆ ನಿಂತರೆ ಪಾತ್ರೆ ಗ್ಲೇಜನ್ನು ಹೀರುವಷ್ಟು ರಂಧ್ರಮಯವಾಗಿರುತ್ತದೆ. ಕಾಲಿನ ಅಡಿಗೆ ಮೇಣ ಹಚ್ಚಿ, ಇಲ್ಲದಿದ್ದರೆ ಗ್ಲೇಜ್ ಕರಗಿ ಪಾತ್ರೆ ಆವಿಗೆಯ ಹಲಗೆಗೆ ಅಂಟುತ್ತದೆ. ಊಟದ ಪಾತ್ರೆಗೆ ಸೀಸವಿರುವ ಗ್ಲೇಜ್ ಬೇಡವೇ ಬೇಡ. ಸಂಶಯವಿರುವ ಗ್ಲೇಜಿನ ಮೇಲೆ ನಿಂಬೆಯ ಹೋಳನ್ನು ರಾತ್ರಿಯಿಡೀ ಇಟ್ಟು ನೋಡಿ. ಬಣ್ಣ ಮಾಸಿದರೆ ಅದು ಊಟಕ್ಕೆ ತಕ್ಕುದಲ್ಲ. ಮಾಸದಿದ್ದರೆ ಸುರಕ್ಷಿತ ಎಂದೂ ಅಲ್ಲ, ಅದನ್ನು ಪ್ರಯೋಗಾಲಯವೇ ಹೇಳಬೇಕು.

ಹದದ ಲೆಕ್ಕವನ್ನು ಮಾತಿನಲ್ಲಿ ಹೇಳಿ ಮುಗಿಸಲು ಆಗದೆ ನಾನು ಎಲ್ಲರಿಗೂ ಒಂದು ಕೆಲಸ ಕೊಡುತ್ತೇನೆ. ನೇರ ಗೋಡೆಯ ಲೋಟವೊಂದನ್ನು ಎತ್ತಿ, ಸ್ಲಿಪ್ ಹಚ್ಚಿ, ಗಂಟೆಗೊಮ್ಮೆ ಅದೇ ಕಡ್ಡಿಯಿಂದ ಪಕ್ಕಪಕ್ಕದಲ್ಲಿ ಒಂದೊಂದು ಗೆರೆ ಎಳೆಯಿರಿ, ಕೆಳಗೆ ಸಮಯ ಬರೆಯಿರಿ. ನಿದ್ದೆಗೆ ಹೋಗುವಾಗ ಪ್ಲಾಸ್ಟಿಕ್ ಹೊದಿಸಿ, ಬೆಳಿಗ್ಗೆ ಮುಂದುವರಿಸಿ. ನನ್ನದು ಚಕ್ರದ ಪಕ್ಕದ ಕಪಾಟಿನಲ್ಲಿದೆ. ಹದಿನಾಲ್ಕು ಗೆರೆ, ಮೊದಲ ಮೂರು ಮುದ್ದೆಮುದ್ದೆ, ಕೊನೆಯವು ಇಲಿ ಕಡಿದಂತೆ. ಐದು ಮತ್ತು ಆರನೆಯದು ಹೇಗಿರಬೇಕೋ ಹಾಗೆ. ಅದರ ಪಕ್ಕದಲ್ಲೇ ಮಳೆಗಾಲದಲ್ಲಿ ಮಾಡಿದ ಇನ್ನೊಂದು ಲೋಟವಿದೆ. ಅದರಲ್ಲಿ ಚೆನ್ನಾಗಿ ಬಂದ ಮೊದಲ ಗೆರೆ ಹನ್ನೊಂದನೆಯದು.